ಮೂರು ದೂರಕ್ಕೆ ಒಂದೇ ಮಸೂರ

ಅಂಗಡಿಯ ಗಾದಿ ಮೇಲೆ ಕೂಡುವ ನಮಗೆ ದೃಷ್ಟಿ ಮೂರು ಕಡೆ ಬೇಕು: ಕಿರ್ದಿಯ ಅಂಕಿಗೆ, ಕಂಪ್ಯೂಟರಿನ ಪರದೆಗೆ, ರಸ್ತೆಯಾಚೆಯ ಗಿರಾಕಿಗೆ. ಮೋತಿಬಿಂದು ತೆಗೆದು ಕೂಡಿಸುವ ಸಾದಾ ಮಸೂರ ಸಾಮಾನ್ಯವಾಗಿ ದೂರದ್ದನ್ನಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಓದಲು ಚಾಳೀಸು ಬೇಕೇ ಬೇಕು.

ತ್ರಿಕೇಂದ್ರ ಮಸೂರದ ರಚನೆ ಬೇರೆ. ಬೆಲ್ಜಿಯಂನ ಫೈನ್‌ವಿಷನ್ 2010ರಲ್ಲಿ ಬಂದಿತು. ಅಮೆರಿಕೆಯು 2019ರಲ್ಲಿ ಪ್ಯಾನಾಪ್ಟಿಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಇದರ ಮೈಮೇಲಿನ ಸೂಕ್ಷ್ಮ ಉಂಗುರಗಳು ಬೆಳಕನ್ನು ಪಾಲು ಮಾಡುತ್ತವೆ: ದೂರಕ್ಕೊಂದು, 60ರಿಂದ 80 ಸೆಂ.ಮೀ. ನಡುದೂರಕ್ಕೊಂದು, ಸುಮಾರು 40 ಸೆಂ.ಮೀ. ಸಮೀಪಕ್ಕೊಂದು. ಪಾಲಾದ ಮೇಲೆ ಒಬ್ಬೊಬ್ಬರ ಕೈಗೆ ಬರುವುದು ಕಡಿಮೆಯೇ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದುದರಿಂದ ಮಬ್ಬು ಬೆಳಕಿನಲ್ಲಿ ನೋಟ ತುಸು ಮಂಕಾಗಬಹುದು. ರಾತ್ರಿ ಎದುರು ವಾಹನದ ದೀಪದ ಸುತ್ತ ಬೆಳಕಿನ ಬಳೆಗಳು ಕಾಣಬಹುದು. ಬಹುಜನರಿಗೆ ಕೆಲ ತಿಂಗಳಲ್ಲಿ ರೂಢಿಯಾಗುತ್ತದೆ, ಎಲ್ಲರಿಗೂ ಅಲ್ಲ.

ಹಗಲು ಲೆಕ್ಕ ಬರೆಯುವವರಿಗೆ ಇದು ಒಪ್ಪೀತು. ಮಾಲು ತರಲು ರಾತ್ರಿ ಸೊಲ್ಲಾಪುರಕ್ಕೆ ತಾವೇ ಗಾಡಿ ಹೊಡೆಯುವವರು ಅವಸರ ಮಾಡಬಾರದು. ಅಕ್ಷಿಪಟಲದ ರೋಗ, ಬೆಳೆದ ಗ್ಲಾಕೋಮಾ ಇದ್ದವರಿಗೆ ವೈದ್ಯರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಮೊದಲು ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೆಲೆ ಹೆಚ್ಚಿನದೇ ಉತ್ತಮವೆಂದು ಮಕ್ಕಳು ತಂದೆತಾಯಿಗಳನ್ನು ಕೇಳದೆ ನಿರ್ಧರಿಸುವುದು ನಮಗೆ ಸರಿಯೆನಿಸದು. ಕೂಡಿಸಿದ ಮಸೂರವನ್ನು ಬದಲಿಸಬೇಕೆಂದರೆ ಮತ್ತೊಂದು ಶಸ್ತ್ರಕ್ರಿಯೆಯೇ ಆಗಬೇಕು.