ಕಂಪನಿಯ ಇಮೇಲ್ ನಿಮ್ಮ ಫೋನಿನಲ್ಲೇ

ನಮ್ಮ ರೈತ ಉತ್ಪಾದಕ ಕಂಪನಿಯ ಪತ್ರವ್ಯವಹಾರ ನೋಡಿಕೊಳ್ಳೋನು ನಾನು. ತೊಗರಿ ಕೊಳ್ಳೋರು ರೇಟು ಕೇಳಿ ಮೇಲ್ ಹಾಕ್ತಾರೆ, ಸಂಜೆಯೊಳಗೆ ಉತ್ತರ ಬೇಕು ಅಂತಾರೆ. ಕಂಪ್ಯೂಟರ್ ಇರೋದು ಆಫೀಸಿನಲ್ಲಿ, ನಾನಿರೋದು ಹೊಲದಲ್ಲಿ. ಅದಕ್ಕೇ ಕಂಪನಿಯ ಮೇಲನ್ನು ಸ್ವಂತ ಫೋನಿಗೆ ಹಾಕಿಕೊಂಡಿದ್ದೇನೆ.

ಜಿಮೇಲ್ ಆ್ಯಪ್ ತೆರೆದು, ಮೇಲ್ಗಡೆ ಬಲಕ್ಕಿರೋ ನಿಮ್ಮ ಫೋಟೋ ಒತ್ತಿ. ‘ಆ್ಯಡ್ ಅನದರ್ ಅಕೌಂಟ್’ ಅಂತ ಬರುತ್ತೆ. ಕಂಪನಿಯದೂ ಜಿಮೇಲ್ ವಿಳಾಸವಾದರೆ ‘ಗೂಗಲ್’ ಆರಿಸಿ, ಪಾಸ್‌ವರ್ಡ್ ಕೊಟ್ಟರೆ ಆಯ್ತು. ಬೇರೆ ಕಡೆ ಮಾಡಿಸಿದ ವಿಳಾಸವಾದರೆ ‘ಅದರ್’ ಒತ್ತಿ. ಆಗ ಪಾಪ್3 ಬೇಕೋ ಐಮ್ಯಾಪ್ ಬೇಕೋ ಅಂತ ಕೇಳುತ್ತೆ. ಇಲ್ಲಿ ಅವಸರ ಬೇಡ, ಐಮ್ಯಾಪ್ ಆರಿಸಿ. ಪಾಪ್3 ಅಂದ್ರೆ ಮೇಲನ್ನು ಆ ಒಂದು ಫೋನಿಗೆ ಇಳಿಸಿಕೊಳ್ಳೋ ಪದ್ಧತಿ. ಹೊಲದಿಂದ ನೀವು ಕೊಟ್ಟ ಉತ್ತರ ಆಫೀಸಿನವರಿಗೆ ಕಾಣಲ್ಲ. ಅವರು ಅದೇ ವ್ಯಾಪಾರಿಗೆ ಇನ್ನೊಂದು ರೇಟು ಬರೆದುಬಿಟ್ಟರೆ? ಐಮ್ಯಾಪ್‌ನಲ್ಲಿ ಎಲ್ಲರಿಗೂ ಒಂದೇ ಪೆಟ್ಟಿಗೆ. ನೀವು ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತೆ, ನೆನಪಿರಲಿ. ಸರ್ವರ್ ಹೆಸರನ್ನು ಮೇಲ್ ಮಾಡಿಸಿಕೊಟ್ಟವರ ಹತ್ರ ಕೇಳಿ. ಪೋರ್ಟ್ ಸಾಮಾನ್ಯವಾಗಿ ಬರೋ ಮೇಲಿಗೆ 993, ಹೋಗೋದಕ್ಕೆ 465 ಇಲ್ಲವೇ 587.

ಕಳಿಸೋ ಮುಂಚೆ ‘ಫ್ರಮ್’ ಸಾಲು ನೋಡಿ. ಕಂಪನಿಯ ಬ್ಯಾಂಕ್ ಖಾತೆ ವಿವರ ನಿಮ್ಮ ಸ್ವಂತ ವಿಳಾಸದಿಂದ ಹೋದರೆ ಕೊಳ್ಳೋರಿಗೆ ಅನುಮಾನ ಬರೋದು ಸಹಜ.

ಮನೆ ಮಕ್ಕಳು ರೀಲ್ಸ್ ನೋಡೋದೂ ಅದೇ ಫೋನಿನಲ್ಲಿ ತಾನೇ? ಸ್ಕ್ರೀನ್ ಲಾಕ್ ಹಾಕಿ. ಫೋನ್ ಕಳೆದುಹೋದರೆ ಮೊದಲು ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ. ಜವಾಬ್ದಾರಿ ಬಿಟ್ಟುಕೊಡೋ ದಿನ ಸೆಟ್ಟಿಂಗ್ಸ್‌ಗೆ ಹೋಗಿ ಆ ಅಕೌಂಟನ್ನು ತೆಗೆದುಬಿಡಿ. ಐಮ್ಯಾಪ್ ಇದ್ದರೆ ಮೇಲ್ ನಿಮ್ಮ ಫೋನಿನಿಂದ ಮಾತ್ರ ಹೋಗುತ್ತೆ, ಕಂಪನಿಯ ಪೆಟ್ಟಿಗೆಯಲ್ಲಿ ಹಾಗೇ ಇರುತ್ತೆ.