ಎಲ್ಡೋರಾದ ಮಣ್ಣಿನ ಶರ್ಯತ್ತು

ಸರಕು ಹೊರುವುದಕ್ಕೆಂದು ಹುಟ್ಟಿದ ವಾಹನವನ್ನು ಶರ್ಯತ್ತಿಗೆ ಇಳಿಸುವುದೆಂದರೆ ನಮ್ಮಲ್ಲಿ ಅನೇಕರಿಗೆ ನಗೆಯ ವಿಷಯವಾಗಿ ತೋರಬಹುದು. ಆದರೆ ಹಿಂಬದಿಯಲ್ಲಿ ತೆರೆದ ತೊಟ್ಟಿಯುಳ್ಳ ಪಿಕಪ್ ಟ್ರಕ್ಕು ಅಮೇರಿಕಾದ ರೈತನಿಗೆ ನಮ್ಮವರ ಎತ್ತಿನ ಬಂಡಿಯಷ್ಟೇ ಆಪ್ತವಾದುದು. ಅಲ್ಲಿಯ ಮೋಟಾರು ಶರ್ಯತ್ತುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆಯು 1995ರಲ್ಲಿ ಈ ಟ್ರಕ್ಕುಗಳಿಗೇ ಮೀಸಲಾದ ಒಂದು ಮಾಲೆಯನ್ನು ಆರಂಭಿಸಿತು. ಹೊರಗಿನ ಆಕಾರ ಮಾತ್ರ ಪಿಕಪ್ಪಿನದು; ಒಳಗಿನದೆಲ್ಲ ಶರ್ಯತ್ತಿಗೆಂದೇ ಕಟ್ಟಿದ ಯಂತ್ರ. ಆ ಮಾಲೆಯಲ್ಲಿ ಏಳೇ ಸಲ ನಡೆದು ನಿಂತುಹೋದ ಒಂದು ವಾರ್ಷಿಕ ಶರ್ಯತ್ತಿನ ಕಥೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ.

ಓಹಾಯೋ ಪ್ರಾಂತದ ಹೊಲಗಳ ನಡುವೆ ಎಲ್ಡೋರಾ ಸ್ಪೀಡ್‌ವೇ ಎಂಬ ಅಂಡಾಕೃತಿಯ ಓಟದ ದಾರಿಯಿದೆ. ಸುತ್ತಳತೆ ಅರ್ಧ ಮೈಲು, ನೆಲವೆಲ್ಲ ಜೇಡಿಮಣ್ಣು. ವಾದ್ಯಗಾರನಾಗಿದ್ದ ಅರ್ಲ್ ಬಾಲ್ಟಸ್ ಎಂಬಾತನು ತನ್ನ ನೃತ್ಯಶಾಲೆಯ ಬಳಿಯಲ್ಲಿ 1954ರಲ್ಲಿ ಇದನ್ನು ನಿರ್ಮಿಸಿದನು. 2004ರಲ್ಲಿ ಪ್ರಸಿದ್ಧ ಚಾಲಕನಾದ ಟೋನಿ ಸ್ಟೂವರ್ಟ್ ಇದನ್ನು ಕೊಂಡುಕೊಂಡನು.

ಮಣ್ಣಿನ ಮಾತು ಇಲ್ಲಿ ಮುಖ್ಯ. ನ್ಯಾಸ್ಕಾರಿನ ಪ್ರಧಾನ ಮಾಲೆಯ ಮೊತ್ತಮೊದಲ ಶರ್ಯತ್ತು 1949ರಲ್ಲಿ ಶಾರ್ಲಟ್ ನಗರದ ಮಣ್ಣಿನ ದಾರಿಯಲ್ಲಿಯೇ ನಡೆದಿತ್ತು. ಮುಂದೆ ಡಾಂಬರು ಬಂದಿತು, ವೇಗ ಬೆಳೆಯಿತು, ಮಣ್ಣು ಹಿಂದೆ ಸರಿಯಿತು. 1970ರ ಸೆಪ್ಟೆಂಬರ್ 30ರಂದು ರಾಲಿ ನಗರದಲ್ಲಿ ರಿಚರ್ಡ್ ಪೆಟಿ ಗೆದ್ದ ಶರ್ಯತ್ತಿನೊಡನೆ ಮಣ್ಣಿನ ಯುಗವು ಮುಗಿದಂತಾಯಿತು. ನಲವತ್ತೆರಡು ವರ್ಷಗಳಿಗೂ ಮೀರಿದ ವಿರಾಮದ ಬಳಿಕ, 2013ರ ಜುಲೈ 24ರ ರಾತ್ರಿ, ಎಲ್ಡೋರಾದಲ್ಲಿ ನ್ಯಾಸ್ಕಾರಿನ ಗಾಲಿಗಳು ಮತ್ತೆ ಮಣ್ಣನ್ನು ಮುಟ್ಟಿದವು. 'ಮಿಡ್‌ಸಮರ್' ಎಂದರೆ ನಡುಬೇಸಿಗೆ, 'ಮಡ್' ಎಂದರೆ ಕೆಸರು. ಎರಡನ್ನೂ ಕಲಸಿ ಶರ್ಯತ್ತಿಗೆ 'ಮಡ್‌ಸಮರ್ ಕ್ಲಾಸಿಕ್' ಎಂದು ಹೆಸರಿಟ್ಟರು. 150 ಸುತ್ತುಗಳ ಆ ಓಟವನ್ನು ಆಸ್ಟಿನ್ ಡಿಲನ್ ಗೆದ್ದನು.

ಡಾಂಬರಿನ ದಾರಿ ಇಡೀ ಹೊತ್ತು ಹೆಚ್ಚುಕಡಮೆ ಒಂದೇ ಬಗೆಯಾಗಿರುತ್ತದೆ. ಮಣ್ಣು ಹಾಗಲ್ಲ. ನೀರುಣಿಸಿ ಹದಗೊಳಿಸಿದ ಜೇಡಿಯು ಮೊದಲು ಗಾಲಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸುತ್ತು ಸುತ್ತಿಗೂ ತೇವವಾರಿ ನುಣುಪಾಗುತ್ತ ಹೋಗುತ್ತದೆ. ಗಾಲಿಗಳು ಎರಚಿದ ಸಡಿಲ ಮಣ್ಣು ಹೊರಗೋಡೆಯ ಬಳಿ ಸಣ್ಣದೊಂದು ಬದುವಾಗಿ ಕೂಡುತ್ತದೆ. ಜಾಣ ಚಾಲಕನು ಹಿಂದಿನ ಬಲಗಾಲಿಯನ್ನು ಆ ಬದುವಿಗೆ ಆನಿಸಿ ವೇಗವನ್ನು ಕಾಯ್ದುಕೊಳ್ಳುತ್ತಾನೆ. ಗೇಣಿನಷ್ಟು ತಪ್ಪಿದರೂ ಗೋಡೆ! ಇನ್ನೊಂದು ಕೌತುಕವೆಂದರೆ, ಓಟವೆಲ್ಲ ಎಡಕ್ಕೆ ತಿರುಗುವುದಾದರೂ ಚುಕ್ಕಾಣಿಯು ಬಲಕ್ಕೆ ಹೊರಳಿರುತ್ತದೆ. ವಾಹನದ ಹಿಂಭಾಗವು ಹೊರಕ್ಕೆ ಜಾರುವಾಗ ಮುಂಗಾಲಿಗಳನ್ನು ಜಾರುವ ದಿಕ್ಕಿಗೇ ಹೊರಳಿಸಬೇಕು. ಇಲ್ಲವಾದರೆ ಅದು ಬುಗುರಿಯಂತೆ ತಿರುಗಿಬಿಡುತ್ತದೆ. ಸುಮಾರು 1,500 ಕಿಲೋಗ್ರಾಂ ತೂಕದ ಟ್ರಕ್ಕನ್ನು ಹೀಗೆ ಜಾರಿಸಿ ಸಂಭಾಳಿಸುವುದು ಸಾಮಾನ್ಯ ವಿದ್ಯೆಯಲ್ಲ.

ಇಂಥ ನೆಲದಲ್ಲಿ ಯಂತ್ರದ ಬೆಲೆಗಿಂತ ಕೈಯ ಹದಕ್ಕೆ ಹೆಚ್ಚು ಮನ್ನಣೆ. ಆ ಮೊದಲ ವರ್ಷವೇ ನಾರ್ಮ್ ಬೆನಿಂಗ್ ಎಂಬ 61 ವರ್ಷದ ಚಾಲಕನು ತನ್ನದೇ ಪುಟ್ಟ ತಂಡದೊಡನೆ ಬಂದಿದ್ದನು. ಮುಖ್ಯ ಓಟಕ್ಕೆ ಉಳಿದಿದ್ದ ಕಟ್ಟಕಡೆಯ ಸ್ಥಾನಕ್ಕಾಗಿ ನಡೆದ ಅರ್ಹತಾ ಓಟದಲ್ಲಿ, ಹಿಂದಿನವನು ಮತ್ತೆ ಮತ್ತೆ ಹಾಯುತ್ತಿರಲು, ಗೋಡೆಗೆ ಉಜ್ಜಿಕೊಂಡು ಹೋಗಿಯೂ ಆತನು ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಜನರು ಗೆದ್ದವನಿಗಿಂತ ಈತನನ್ನೇ ಹೆಚ್ಚು ನೆನೆದರೆಂದರೆ ನಮಗೆ ಆಶ್ಚರ್ಯವಿಲ್ಲ.

ಮರುವರ್ಷ, 2014ರಲ್ಲಿ, ಡ್ಯಾರೆಲ್ ವಾಲೆಸ್ ಎಂಬ ಕರಿಯ ತರುಣನು ಇಲ್ಲಿ ಗೆದ್ದನು. ಆತನಿಗಿಂತ ಬಹು ಹಿಂದೆ, 1963ರ ಡಿಸೆಂಬರ್ 1ರಂದು, ಜಾಕ್ಸನ್‌ವಿಲ್ ನಗರದ ಅರ್ಧ ಮೈಲಿನ ಮಣ್ಣಿನ ದಾರಿಯಲ್ಲಿಯೇ ವೆಂಡೆಲ್ ಸ್ಕಾಟ್ ಎಂಬ ಕರಿಯ ಚಾಲಕನು ಪ್ರಧಾನ ಮಾಲೆಯ ಶರ್ಯತ್ತೊಂದನ್ನು ಗೆದ್ದಿದ್ದನು. ಆಗ ವಿಜಯಿಯೆಂದು ಮೊದಲು ಸಾರಿದ್ದು ಬಿಳಿಯನೊಬ್ಬನನ್ನು. ಸ್ಕಾಟನ ಗೆಲುವನ್ನು ಒಪ್ಪಿಕೊಂಡದ್ದು ಗಂಟೆಗಳ ಮೇಲೆ. ಗೆಲುವಿನ ಪಾರಿತೋಷಕವು ಆತನ ಮನೆಯವರ ಕೈಸೇರಿದ್ದು 2021ರಲ್ಲಿ. ಅಷ್ಟರಲ್ಲಿ ಸ್ಕಾಟ್ ತೀರಿಕೊಂಡು ಮೂವತ್ತು ವರ್ಷಗಳು ದಾಟಿದ್ದವು. ವಾಲೆಸನಾದರೋ ತನ್ನ ಪಾರಿತೋಷಕವನ್ನು ಆ ರಾತ್ರಿಯೇ, ನೆರೆದವರ ಎದುರಿನಲ್ಲಿಯೇ ಎತ್ತಿ ಹಿಡಿದನು.

ಬಳಿಕ ಕ್ರಮವಾಗಿ ಕ್ರಿಸ್ಟಫರ್ ಬೆಲ್, ಕೈಲ್ ಲಾರ್ಸನ್, ಮ್ಯಾಟ್ ಕ್ರಾಫ್ಟನ್ ಗೆದ್ದರು. 2018ರಲ್ಲಿ ಚೇಸ್ ಬ್ರಿಸ್ಕೋ ತನ್ನ ತಂಡದವನೇ ಆದ ಗ್ರಾಂಟ್ ಎನ್ಫಿಂಜರನನ್ನು ಸೆಕೆಂಡಿನ 0.038 ಅಂಶದಿಂದ ಹಿಂದೆ ಹಾಕಿದನು. ಕಣ್ಣೆವೆ ಮುಚ್ಚಿ ತೆರೆಯಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. 2019ರಲ್ಲಿ ಕೆನಡಾದ ಸ್ಟೂವರ್ಟ್ ಫ್ರೀಸನ್ ಈ ಮಾಲೆಯ ತನ್ನ ಮೊದಲ ಜಯವನ್ನು ಇಲ್ಲಿ ಪಡೆದನು.

2020ರ ಶರ್ಯತ್ತು ಕೊರೋನಾ ಪಿಡುಗಿನಿಂದ ನಿಂತುಹೋಯಿತು. 2021ರ ಪಟ್ಟಿಯಲ್ಲಿ ಎಲ್ಡೋರಾದ ಹೆಸರಿರಲಿಲ್ಲ. ಟ್ರಕ್ಕುಗಳ ಮಣ್ಣಿನ ಓಟವು ಅಯೋವಾ ಪ್ರಾಂತದ ನಾಕ್ಸ್‌ವಿಲ್ಲಿಗೂ ಟೆನೆಸ್ಸೀ ಪ್ರಾಂತದ ಬ್ರಿಸ್ಟಲ್ಲಿಗೂ ಹೋಯಿತು. ಬ್ರಿಸ್ಟಲ್ಲಿನದು ಕಾಂಕ್ರೀಟಿನ ದಾರಿ; ಅದರ ಮೇಲೆ ಲಾರಿಗಳಲ್ಲಿ ಮಣ್ಣು ತಂದು ಹರಡಿ, ಓಟ ಮುಗಿದ ಮೇಲೆ ಮತ್ತೆ ಬಳಿದು ಸಾಗಿಸುತ್ತಿದ್ದರು. 2023ರೊಡನೆ ಅದೂ ಮುಗಿಯಿತು. ಎಲ್ಡೋರಾದ ಜೇಡಿಯಾದರೋ ಹೊರಗಿನಿಂದ ಬಂದ ಟ್ರಕ್ಕುಗಳನ್ನು ನೆಚ್ಚಿಕೊಂಡಿರಲಿಲ್ಲ. ಅಲ್ಲಿ 1971ರಲ್ಲಿ ಆರಂಭವಾದ 'ವರ್ಲ್ಡ್ 100' ಎಂಬ ಮಣ್ಣಿನ ಮೋಟಾರು ಶರ್ಯತ್ತು ಟ್ರಕ್ಕುಗಳು ಬರುವ ಮೊದಲೂ ಇತ್ತು, ಅವು ಹೋದ ಮೇಲೆಯೂ ನಡೆದಿದೆ.