ಜಾಹೀರಾತು ತಿಂದ ಡೇಟಾ, ಪಾಠಕ್ಕೆ ಉಳಿದದ್ದೆಷ್ಟು?

ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೆ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಳ್ಳುವ ಡೇಟಾ ಪುಕ್ಕಟೆಯಲ್ಲ. 2024ರ ಜುಲೈ 3ರಂದು ಜಿಯೋದ ದಿನಕ್ಕೆ 1.5 ಜಿಬಿ ಪ್ಯಾಕ್ 239ರಿಂದ 299 ರೂಪಾಯಿಗೆ ಏರಿತು. 28 ದಿನಕ್ಕೆ 42 ಜಿಬಿ, ಅಂದರೆ ಜಿಬಿಗೆ 7 ರೂಪಾಯಿ 12 ಪೈಸೆ.

ಇದರಲ್ಲಿ ಜಾಹೀರಾತಿನ ಪಾಲು ಎಷ್ಟು? ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಓಡುವ 30 ಸೆಕೆಂಡಿನ ವಿಡಿಯೊ ಜಾಹೀರಾತು 3.75 ಎಂಬಿ ತಿನ್ನುತ್ತದೆ. ಮನೆಗೊಂದೇ ಫೋನು, ಎಲ್ಲರೂ ಸೇರಿ ದಿನಕ್ಕೆ ಇಂಥ 40 ನೋಡಿದರು ಎಂದುಕೊಳ್ಳಿ: 150 ಎಂಬಿ. ದಿನದ ಕೋಟಾದಲ್ಲಿ ಹತ್ತರಲ್ಲೊಂದು ಪಾಲು, ಪ್ಯಾಕಿನಲ್ಲಿ ಸುಮಾರು 30 ರೂಪಾಯಿ. ಸುದ್ದಿಪುಟಗಳದ್ದು ಬೇರೆ ಲೆಕ್ಕ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ 50 ಸುದ್ದಿತಾಣಗಳನ್ನು ಮೊಬೈಲಿನಲ್ಲಿ ಅಳೆದಾಗ ಅರ್ಧಕ್ಕಿಂತ ಹೆಚ್ಚು ಡೇಟಾ ಜಾಹೀರಾತು ಮತ್ತು ಜಾಹೀರಾತು ತಡೆಗಳು ಸೋಸುವ ಇತರ ಸಾಮಗ್ರಿಗೇ ಹೋಗಿತ್ತು.

ನನ್ನನ್ನು ಕಾಡುವುದು ಆ 30 ರೂಪಾಯಿಯಲ್ಲ. ಕೋಟಾ ತೀರಿದ ಮೇಲೆ ವೇಗ 64 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 8 ಕಿಲೋಬೈಟಿಗೆ ಇಳಿಯುತ್ತದೆ. 10 ಎಂಬಿ ಪುಸ್ತಕ ಇಳಿಯಲು 21 ನಿಮಿಷ ಬೇಕು, ಅದೂ ನಡುವೆ ಕಡಿಯದಿದ್ದರೆ. ರಾತ್ರಿ ಓದಲು ಕೂತ ಹುಡುಗಿ ಅಷ್ಟು ಹೊತ್ತು ಕಾಯಬೇಕು, ಇಲ್ಲವೇ ಮನೆಯವರು (2024ರ ದರದಲ್ಲಿ) 19 ರೂಪಾಯಿ ಕೊಟ್ಟು ಇನ್ನೊಂದು ಜಿಬಿ ಹಾಕಿಸಬೇಕು. ಜಾಹೀರಾತು ತಿಂದ 150 ಎಂಬಿಯಲ್ಲಿ ಅಂಥ 15 ಪುಸ್ತಕ ಬರುತ್ತಿದ್ದವು.

ತಡೆಯುವ ಖರ್ಚು ಸೊನ್ನೆ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ವಿಸ್ತರಣೆ ಸೇರಿಸಿದರೆ ಜಾಹೀರಾತಿನ ಸರ್ವರಿಗೆ ಕೋರಿಕೆಯೇ ಹೋಗುವುದಿಲ್ಲ. ಬಾರದ ಕಡತಕ್ಕೆ ಡೇಟಾ ಖರ್ಚಿಲ್ಲ. ಅದರ ಸೆಟ್ಟಿಂಗ್‌ನಲ್ಲಿ ಇಂಡಿಯನ್‌ಲಿಸ್ಟ್ ಎಂಬ ಪಟ್ಟಿಗೆ ಗುರುತು ಹಾಕಿ. ಕನ್ನಡ, ಮರಾಠಿ ತಾಣಗಳಿಗೆ ಅದು ಬೇಕು. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್ಎಸ್’ಗೆ ಆಡ್‌ಗಾರ್ಡ್‌ನಂಥ ಸೇವೆಯ ವಿಳಾಸ ಕೊಟ್ಟರೆ ಎಷ್ಟೋ ಆಪ್‌ಗಳಲ್ಲೂ ಜಾಹೀರಾತು ನಿಲ್ಲುತ್ತದೆ. ಯೂಟ್ಯೂಬ್ ಆಪ್ ಇದಕ್ಕೆ ಬಗ್ಗದು: ವಿಡಿಯೊ ಬರುವ ದಾರಿಯಲ್ಲೇ ಜಾಹೀರಾತೂ ಬರುತ್ತದೆ. ಯೂಟ್ಯೂಬನ್ನು ಫೈರ್‌ಫಾಕ್ಸ್‌ನಲ್ಲೇ ತೆರೆದು ನೋಡುವುದು ವಾಸಿ.

ಒಂದು ವಿನಾಯಿತಿ ಇರಲಿ. ಸೊಲ್ಲಾಪುರ ಕಡೆಯ ಕನ್ನಡಿಗರ ಸುದ್ದಿ ಬರೆಯುವ ಸಣ್ಣ ತಾಣಗಳು ಜಾಹೀರಾತಿನಿಂದಲೇ ಉಸಿರಾಡುತ್ತವೆ. ಅಂಥ ತಾಣ ತೆರೆದಾಗ ಯುಬ್ಲಾಕ್‌ನ ದೊಡ್ಡ ಗುಂಡಿ ಒಮ್ಮೆ ಒತ್ತಿ ಪುಟವನ್ನು ಮತ್ತೆ ಲೋಡ್ ಮಾಡಿದರೆ ಸಾಕು, ಆ ತಾಣಕ್ಕಷ್ಟೇ ತಡೆ ತೆರವಾಗುತ್ತದೆ.